ಮೊದಲು ದಾರಿ, ಆಮೇಲೆ ಕೈ: ಐಸ್ ಮೇಲಿನ 2 ನಿಮಿಷ 40 ಸೆಕೆಂಡ್ ಕಟ್ಟುವುದು ಹೇಗೆ?

ಟಿವಿಯಲ್ಲಿ ಫಿಗರ್ ಸ್ಕೇಟಿಂಗ್ ನೋಡುವಾಗ ನಮ್ಮ ಕಣ್ಣು ಕೈಗಳ ಮೇಲೆ, ಮಿನುಗುವ ಉಡುಪಿನ ಮೇಲೆ ಹೋಗುತ್ತದೆ. ಪ್ರೋಗ್ರಾಮ್, ಅಂದರೆ ಸಂಗೀತಕ್ಕೆ ಹೊಂದಿಸಿದ ಇಡೀ ಪ್ರದರ್ಶನ, ಕಟ್ಟುವವರು ನೋಡುವುದು ಬ್ಲೇಡ್ ಎಳೆದ ಗೆರೆಯನ್ನು. ಟೊರೊಂಟೊದಲ್ಲಿ ಮಗಳನ್ನು ಬೆಳಗಿನ ಅಭ್ಯಾಸಕ್ಕೆ ಬಿಟ್ಟು, ರಿಂಕಿನ ಬೇಲಿಗೆ ಒರಗಿ ನಿಂತ ವರ್ಷಗಳಲ್ಲಿ ನಾನು ಕಲಿತದ್ದು ಇದನ್ನೇ. ಇಲ್ಲಿ ಹೇಳುವ ಕ್ರಮ ಸೀನಿಯರ್ ಮಟ್ಟದ ಶಾರ್ಟ್ ಪ್ರೋಗ್ರಾಮಿನದು, ಅಂದರೆ ಒಬ್ಬೊಬ್ಬರೇ ಆಡುವ ಸ್ಪರ್ಧೆಯ ಎರಡು ಸುತ್ತುಗಳಲ್ಲಿ ಚಿಕ್ಕದು. ಬೆಂಗಳೂರಿನಲ್ಲಿ ಚಕ್ರದ ಮೇಲೆ ಆರ್ಟಿಸ್ಟಿಕ್ ಸ್ಕೇಟಿಂಗ್ ಕಲಿಯುವ ಮಕ್ಕಳಿಗೆ ಅಂಕದ ಲೆಕ್ಕ ಬೇರೆ, ದಾರಿ ಹಾಕುವ ಬಗೆ ಹೆಚ್ಚುಕಡಿಮೆ ಇದೇ.

ಸಂಗೀತಕ್ಕೆ ಕತ್ತರಿ

ಅವಧಿ 2 ನಿಮಿಷ 40 ಸೆಕೆಂಡ್. ಹತ್ತು ಸೆಕೆಂಡ್ ಹೆಚ್ಚಾಗಲಿ, ಕಡಿಮೆಯಾಗಲಿ ನಡೆಯುತ್ತದೆ. ಅದನ್ನೂ ಮೀರಿದರೆ ಪ್ರತಿ ಐದು ಸೆಕೆಂಡಿಗೆ ಒಂದು ಅಂಕ ಹೋಗುತ್ತದೆ. 2014-15ರ ಋತುವಿನಿಂದ ಸಾಹಿತ್ಯವಿರುವ ಹಾಡಿಗೂ ಅವಕಾಶವಿದೆ. ಆದರೆ ಹಾಡಿನ ಹಕ್ಕು ಯಾರದು, ಅನುಮತಿ ಬೇಕೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ. ಪ್ರೋಗ್ರಾಮ್ ಮೈಗೂಡಿದ ಮೇಲೆ ಹಾಡು ಬದಲಿಸುವ ಸಂಕಟ ಬೇಡ.

ಕಣ್ಣು ಮುಚ್ಚಿ ಕೇಳಿ. ಎಲ್ಲಿ ಸಂಗೀತ ಉಸಿರು ಬಿಡುತ್ತದೆ, ಎಲ್ಲಿ ಏರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಕತ್ತರಿ ಆಡಿಸುವುದಿದ್ದರೆ ಉಸಿರು ಬಿಟ್ಟ ಜಾಗದಲ್ಲೇ ಆಡಿಸಿ. ಎರಡಕ್ಕಿಂತ ಹೆಚ್ಚು ಕಡೆ ಕತ್ತರಿಸಿದರೆ ತೇಪೆ ಹಚ್ಚಿದಂತೆ ಕೇಳಿಸುತ್ತದೆ ಎಂಬುದು ನನ್ನ ಅನುಭವ.

ಕತ್ತರಿಗೆ ಜಗ್ಗದ ಸಂಗೀತವೂ ಇರುತ್ತದೆ. 1984ರ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೊಫರ್ ಡೀನ್ ಐಸ್ ಡಾನ್ಸಿಗೆ ಆರಿಸಿಕೊಂಡದ್ದು ಫ್ರೆಂಚ್ ಸಂಗೀತ ರಚನಕಾರ ರಾವೆಲ್‌ನ ಬೊಲೆರೊ. ಅದು 4 ನಿಮಿಷ 28 ಸೆಕೆಂಡಿಗಿಂತ ಕೆಳಗಿಳಿಯಲಿಲ್ಲ. ಆ ಸ್ಪರ್ಧೆಯ ಮಿತಿ 4 ನಿಮಿಷ 10 ಸೆಕೆಂಡ್. ಬ್ಲೇಡ್ ಐಸ್ ಮೇಲೆ ಜಾರತೊಡಗಿದಾಗಲೇ ಗಡಿಯಾರ ಶುರು ಎಂಬ ಅಂದಿನ ನಿಯಮ ಹಿಡಿದು, ಇಬ್ಬರೂ ಮೊದಲ 18 ಸೆಕೆಂಡ್ ಮೊಣಕಾಲೂರಿಯೇ ತೂಗಾಡಿದರು. ಕಲಾತ್ಮಕತೆಗೆ ಒಂಬತ್ತೂ ತೀರ್ಪುಗಾರರು ಅಂದಿನ ಗರಿಷ್ಠ ಅಂಕವಾದ 6.0 ಕೊಟ್ಟರು. ಈಗ ಆ ದಾರಿ ಇಲ್ಲ, ಮೈ ಅಲುಗಿದೊಡನೆ ಗಡಿಯಾರ ಓಡುತ್ತದೆ. ಆದರೂ ಆ 18 ಸೆಕೆಂಡುಗಳನ್ನು ಒಮ್ಮೆ ನೋಡಿ. ನಿಯಮದ ಇಕ್ಕಟ್ಟಿನಿಂದ ಹುಟ್ಟಿದ್ದೇ ಆ ನೃತ್ಯದ ಅತಿ ಸುಂದರ ಆರಂಭವಾಯಿತು.

ಕಾಗದದ ಮೇಲೆ ರಿಂಕ್

60 ಮೀಟರ್ ಉದ್ದ, 30 ಮೀಟರ್ ಅಗಲದ ರಿಂಕನ್ನು ಕಾಗದದ ಮೇಲೆ ಬರೆದುಕೊಳ್ಳಿ. ತೀರ್ಪುಗಾರರು ಕೂರುವ ಉದ್ದದ ಬದಿಯನ್ನು ಗುರುತಿಸಿ. ಇಷ್ಟರಲ್ಲಿ ಏಳು ಅಂಶ ಸೇರಬೇಕು: ಒಂದು ಆಕ್ಸೆಲ್ (ಮುಮ್ಮುಖವಾಗಿ ಹಾರುವ ಜಂಪ್), ಒಂದು ಒಂಟಿ ಜಂಪ್, ಒಂದು ಜೋಡಿ ಜಂಪ್ (ಒಂದರ ಬೆನ್ನಿಗೇ ಇನ್ನೊಂದು), ಮೂರು ಸ್ಪಿನ್ (ನಿಂತಲ್ಲೇ ಸುತ್ತುವುದು), ಒಂದು ಸ್ಟೆಪ್ ಸೀಕ್ವೆನ್ಸ್ (ಹೆಜ್ಜೆಗಳ ಸರಣಿ).

ಮೊದಲು ಜಂಪ್‌ಗಳ ಜಾಗ ಹಿಡಿಯಿರಿ, ಏಕೆಂದರೆ ಅವಕ್ಕೆ ತಮ್ಮದೇ ದಾರಿ ಬೇಕು. ಎಡಕ್ಕೆ ತಿರುಗುವ ಸ್ಕೇಟರ್ ಲಟ್ಸ್ ಎಂಬ ಜಂಪ್ ಹಾರಬೇಕಾದರೆ ಎಡಗಾಲ ಬ್ಲೇಡಿನ ಹೊರ ಅಂಚಿನ ಮೇಲೆ, ಹಿಮ್ಮುಖವಾಗಿ, ಉದ್ದನೆಯ ಬಾಗಿನಲ್ಲಿ ಮೂಲೆಯತ್ತ ಸಾಗಿ ಬಲಗಾಲ ಬ್ಲೇಡಿನ ಮುಂತುದಿಯ ಹಲ್ಲನ್ನು ಐಸ್‌ಗೆ ಊರಬೇಕು. ಆ ಬಾಗಿಗೆ ಜಾಗ ಬಿಡದೆ ಹೋದರೆ ಜಂಪೇ ಕೆಡುತ್ತದೆ. ಮೂರೂ ಜಂಪ್‌ಗಳನ್ನು ಒಂದೇ ಮೂಲೆಗೆ ತುರುಕಬೇಡಿ.

ಇಳಿದ ಮೇಲಿನ ಗೆರೆಯೂ ಅಷ್ಟೇ ಮುಖ್ಯ. ಮಗಳ ಒಂದು ಪ್ರೋಗ್ರಾಮಿನಲ್ಲಿ ಜಂಪ್ ಮುಗಿದ ಕೂಡಲೇ ತೀರ್ಪುಗಾರರತ್ತ ತಿರುಗಿ ಎರಡೂ ಕೈ ತೆರೆಯುವ ಚಲನೆ ಇತ್ತು. ಪ್ರತಿ ಸಲ ಅಲ್ಲೇ ತಡವರಿಸುತ್ತಿದ್ದಳು. ಕೋಚ್ ಬಗ್ಗಿ ಐಸ್ ಮೇಲಿನ ಗೆರೆ ತೋರಿಸಿದರು. ಬಲಗಾಲ ಹೊರ ಅಂಚು ಚೆಂದದ ವೃತ್ತ ಎಳೆಯುತ್ತಿತ್ತು, ಆ ಚಲನೆ ಅದನ್ನು ಅಡ್ಡ ಕತ್ತರಿಸುತ್ತಿತ್ತು. ಅದೇ ವೃತ್ತದ ಮೇಲೆ ಇನ್ನೆರಡು ಸೆಕೆಂಡ್ ಜಾರಿ, ಎಡಗಾಲನ್ನು ಮುಮ್ಮುಖವಾಗಿ ಇಡು ಎಂದರು. ಹಾಗೆ ಇಟ್ಟಾಗ ಬಾಗೇ ಅವಳ ಮುಖವನ್ನು ತೀರ್ಪುಗಾರರ ಕಡೆ ತಂದು ನಿಲ್ಲಿಸಿತು, ಕೈಗಳು ತಾವಾಗಿ ತೆರೆದುಕೊಂಡವು.

ಅಂಕ ಮತ್ತು ಉಸಿರು

ಜೋಡಿ ಜಂಪನ್ನು ಮೊದಲಿಗೆ ಇಡಿ. ಎರಡನೆಯ ಜಂಪ್ ತಪ್ಪಿಹೋದರೆ, ಮುಂದೆ ಬರುವ ಒಂಟಿ ಜಂಪಿಗೆ ಅದನ್ನು ಜೋಡಿಸಿಕೊಳ್ಳಬಹುದು. ಕೊನೆಯ ಜಂಪ್ ದ್ವಿತೀಯಾರ್ಧದಲ್ಲಿ ಬಂದರೆ ಅದರ ಮೂಲಬೆಲೆಗೆ, ಅಂದರೆ ಆ ಜಂಪಿಗೆ ನಿಗದಿಯಾದ ಅಂಕಕ್ಕೆ, ಶೇ 10 ಸೇರುತ್ತದೆ ಎಂದು ಅನೇಕರು ಜೋಡಿಯನ್ನೇ ಹಿಂದಕ್ಕೆ ತಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಟ್ರಿಪಲ್ (ಗಾಳಿಯಲ್ಲಿ ಮೂರು ಸುತ್ತಿನ) ಲಟ್ಸ್ 5.90, ಟ್ರಿಪಲ್ ಟೋ ಲೂಪ್ ಎಂಬ ಜಂಪ್ 4.20, ಕೂಡಿದರೆ 10.10, ಲಾಭ 1.01. ದಣಿದ ಕಾಲಲ್ಲಿ ಲಟ್ಸ್‌ನಲ್ಲೇ ಬಿದ್ದರೆ ಗುಣಮಟ್ಟಕ್ಕೆ ಕೊಡುವ ಅಂಕದಲ್ಲಿ 2.95, ಬಿದ್ದದ್ದಕ್ಕೆ 1, ಜೊತೆಗೆ ಹಾರದೇ ಉಳಿದ ಟೋ ಜಂಪಿನ 4.20, ಎಲ್ಲವೂ ಕೈಬಿಡುತ್ತವೆ. ಅಭ್ಯಾಸದಲ್ಲಿ ಹತ್ತಕ್ಕೆ ಒಂಬತ್ತು ಸಲ ನಿಲ್ಲದ ಜೋಡಿಯನ್ನು ನಾನಂತೂ ಹಿಂದಕ್ಕೆ ಇಡುವುದಿಲ್ಲ.

ಸ್ಪಿನ್ ವಿಶ್ರಾಂತಿಯಲ್ಲ, ಕೂತು ತಿರುಗುವಾಗ ತೊಡೆ ಉರಿಯುತ್ತದೆ. ಕೊನೆಯ ಜಂಪಿಗೆ ಮುನ್ನ ಮೂರು ನಾಲ್ಕು ಸೆಕೆಂಡಿನ ಒಂದು ನೀಳ ಜಾರಿಕೆ ಇರಲಿ. ಸಂಗೀತ ಉಸಿರು ಬಿಡುವ ಕಡೆ ಅದನ್ನು ಕೂರಿಸಿದರೆ ನೋಡುವವರಿಗೆ ಅದು ಭಾವವಾಗಿಯೇ ಕಾಣುತ್ತದೆ.

ಈಗ ಕೈ

ದಾರಿ ಗಟ್ಟಿಯಾದ ಮೇಲೆ ಕೈ, ಕಣ್ಣು, ಹೆಗಲು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮೆರಿಲ್ ಡೇವಿಸ್, ಚಾರ್ಲಿ ವೈಟ್ ಜೋಡಿ ಹಿಂದಿ ಸಿನಿಮಾ ಹಾಡುಗಳಿಗೆ ಭಾರತೀಯ ನೃತ್ಯದ ಚಲನೆ ತಂದು ಆಡಿತ್ತು. ಬೆಳ್ಳಿ ಗೆದ್ದ ಆ ಸ್ಪರ್ಧೆಯ ವಿಡಿಯೊ ಸಿಕ್ಕರೆ, ಕತ್ತು ಮತ್ತು ಬೆರಳುಗಳ ಕೆಲಸ ಓಟವನ್ನು ಎಲ್ಲೂ ತಡೆಯದಿರುವುದನ್ನು ಗಮನಿಸಿ. ಭರತನಾಟ್ಯ ಕಲಿತ ಮಕ್ಕಳು ಐಸ್‌ಗೆ ಬಂದಾಗ ಎಡವುವುದು ಇಲ್ಲೇ. ಅರೆಮಂಡಿಯ ಬಲ ಮಂಡಿ ಬಾಗಿಸಲು ನೆರವಾಗುತ್ತದೆ, ಆದರೆ ತಾಳಕ್ಕೆ ಪಾದ ತಟ್ಟುವ ಅಭ್ಯಾಸ ಜಾರಿಕೆಯನ್ನು ಮುರಿಯುತ್ತದೆ. ತಾಳವನ್ನು ಪಾದದಿಂದ ಮಂಡಿಗೆ ಏರಿಸಿಕೊಳ್ಳಬೇಕು.

ಜಂಪ್ ಬಿಟ್ಟು ಒಮ್ಮೆ, ಅರ್ಧರ್ಧ ಒಮ್ಮೆ, ಆಮೇಲೆ ಇಡಿಯಾಗಿ ಓಡಿಸಿ. ತೀರ್ಪುಗಾರರ ಬದಿಯಿಂದ ವಿಡಿಯೊ ಹಿಡಿದು, ಸದ್ದು ಅಡಗಿಸಿ ನೋಡಿ. ಸಂಗೀತವಿಲ್ಲದೆಯೂ ಏರಿಳಿತ ಕಾಣದಿದ್ದರೆ ಆ ಭಾಗವನ್ನು ಮತ್ತೆ ಕಟ್ಟಿ. ಸ್ಪರ್ಧೆಗೆ ಮುನ್ನ ಉಡುಪು ತೊಟ್ಟು ಒಂದೆರಡು ಸಲ ಪೂರ್ತಿ ಓಡಿಸಲೇಬೇಕು. ಐಸ್ ಮೇಲೆ ಕಳಚಿ ಬಿದ್ದ ಅಲಂಕಾರಕ್ಕೂ ಒಂದು ಅಂಕ ಕಳೆಯುತ್ತಾರೆ. ಮಗಳ ತೋಳಿನ ಮಣಿಗಳನ್ನು ನಾನು ಹಿಂದಿನ ರಾತ್ರಿ ಒಂದೊಂದಾಗಿ ಎಳೆದು ನೋಡಿಯೇ ಮಲಗುತ್ತೇನೆ.