ಬೆಲೆಯನ್ನು ಗೂಗಲ್ ತರುತ್ತದೆ, ಎಣಿಕೆಯನ್ನು ನಾವೇ ಇಡಬೇಕು

ಷೇರಿನ ಬೆಲೆಯನ್ನು ಸ್ಪ್ರೆಡ್‌ಶೀಟಿಗೆ ತರಿಸುವುದು ಒಂದೇ ಸಾಲಿನ ಕೆಲಸ. ಆ ಸಾಲನ್ನು ಮೊದಲೇ ಹೇಳಿಬಿಡುತ್ತೇನೆ. ಆತುರದಲ್ಲಿರುವವರು ಅಷ್ಟನ್ನು ತೆಗೆದುಕೊಂಡು ಹೋಗಬಹುದು. ಗೂಗಲ್ ಶೀಟ್ಸ್‌ನಲ್ಲಿ ಹೊಸ ಹಾಳೆ ತೆರೆದು ಯಾವುದಾದರೂ ಚೌಕದಲ್ಲಿ ಹೀಗೆ ಬರೆಯಿರಿ:

=ಗೂಗಲ್‌ಫೈನಾನ್ಸ್("ಎನ್‌ಎಸ್‌ಇ:ಕೆಟಿಕೆಬ್ಯಾಂಕ್", "ಪ್ರೈಸ್")

ಓದುವ ಅನುಕೂಲಕ್ಕಾಗಿ ಸೂತ್ರಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಹಾಳೆಯಲ್ಲಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಗೂಗಲ್ ಮತ್ತು ಫೈನಾನ್ಸ್ ನಡುವೆ ಜಾಗ ಬಿಡಬಾರದು. ಉದ್ಧರಣ ಚಿಹ್ನೆಗಳು ನೆಟ್ಟಗಿರುವ ಬಗೆಯವಾಗಿರಬೇಕು. ವಾಟ್ಸಾಪಿನಲ್ಲಿ ಬಂದ ಸೂತ್ರವನ್ನು ನಕಲು ಮಾಡಿದಾಗ ಬಾಗಿದ ಚಿಹ್ನೆಗಳು ಸೇರಿಕೊಂಡು ದೋಷ ತೋರಿಸುವುದುಂಟು. ಆಗ ಅವನ್ನು ಅಳಿಸಿ ಕೈಯಿಂದಲೇ ಹಾಕಿ. ಎಂಟರ್ ಒತ್ತಿದ ಕೂಡಲೇ ಕರ್ಣಾಟಕ ಬ್ಯಾಂಕಿನ ಷೇರಿನ ಬೆಲೆ ರೂಪಾಯಿಗಳಲ್ಲಿ ಕಾಣಿಸುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ, ಜಿಮೇಲ್ ಖಾತೆಯೊಂದು ಸಾಕು.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತಿಯಾದ ಉಡುಪಿಯವ. ನಮ್ಮ ಮನೆಯ ಮೂರು ಡಿಮ್ಯಾಟ್ ಖಾತೆಗಳು, ಅಕ್ಕನ ಒಂದು, ಎಲ್ಲದರ ಲೆಕ್ಕವೂ ನನ್ನ ತಲೆಯ ಮೇಲಿದೆ. ಪ್ರತಿ ಬ್ರೋಕರಿನ ಆ್ಯಪ್ ತನ್ನಲ್ಲಿರುವ ಷೇರುಗಳನ್ನಷ್ಟೇ ತೋರಿಸುತ್ತದೆ, ಜೊತೆಗೆ ಇನ್ನಷ್ಟು ಕೊಳ್ಳಿರೆಂದು ಪೀಡಿಸುತ್ತದೆ. ಹಾಳೆಗೆ ಆ ಕೆಟ್ಟ ಬುದ್ಧಿಯಿಲ್ಲ. ಆದರೆ ಹಾಳೆ ಉಪಯೋಗಕ್ಕೆ ಬರಬೇಕಾದರೆ ಮೇಲಿನ ಸೂತ್ರಕ್ಕಿಂತ ಹೆಚ್ಚಿನದು ಬೇಕು.

ಮೊದಲು ಸಂಕೇತಗಳ ವಿಷಯ. ಪ್ರತಿ ಕಂಪನಿಗೂ ರಾಷ್ಟ್ರೀಯ ಷೇರು ಪೇಟೆಯಲ್ಲಿ ಒಂದು ಸಂಕೇತವಿದೆ: ಕೆನರಾ ಬ್ಯಾಂಕಿಗೆ ಸಿ, ಎ, ಎನ್, ಬಿ, ಕೆ ಎಂಬ ಐದು ಅಕ್ಷರ, ಇನ್ಫೋಸಿಸ್‌ಗೆ ಐ, ಎನ್, ಎಫ್, ವೈ, ಸ್ಟೇಟ್ ಬ್ಯಾಂಕಿಗೆ ಎಸ್, ಬಿ, ಐ, ಎನ್. ಅದರ ಮುಂದೆ ಎನ್‌ಎಸ್‌ಇ ಎಂದು ಬರೆದು ವಿಸರ್ಗದಂತಿರುವ ಎರಡು ಚುಕ್ಕೆ ಇಡಬೇಕು. ಇದನ್ನು ಬಿಟ್ಟರೂ ನಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ, ಕೇಳಬೇಡಿ. ಪೇಟೆಯ ಹೆಸರಿಲ್ಲದಿದ್ದರೆ ಗೂಗಲ್ ತನಗೆ ಸರಿಕಂಡ ಪೇಟೆಯನ್ನು ಆರಿಸಿಕೊಳ್ಳುತ್ತದೆ. ಇನ್ಫೋಸಿಸ್ ನ್ಯೂಯಾರ್ಕಿನಲ್ಲೂ ಅದೇ ನಾಲ್ಕು ಅಕ್ಷರಗಳಲ್ಲಿ ವ್ಯವಹಾರವಾಗುವುದರಿಂದ ಅಲ್ಲಿಯ ಡಾಲರ್ ಬೆಲೆ ಬಂದು ನಿಮ್ಮ ಒಟ್ಟು ಮೊತ್ತ ಸದ್ದಿಲ್ಲದೆ ಕುಸಿಯಬಹುದು. ಮುಂಬಯಿ ಷೇರು ಪೇಟೆಯ ಬೆಲೆ ಬೇಕಾದವರು ಬಿ, ಒ, ಎಂ ಎಂಬ ಮೂರಕ್ಷರದ ನಂತರ ಎರಡು ಚುಕ್ಕೆ ಇಟ್ಟು ಕಂಪನಿಯ ಆರಂಕಿ ಸಂಖ್ಯೆ ಬರೆಯಬೇಕು, ಇನ್ಫೋಸಿಸ್‌ನದು 500209. ಮುಂಬಯಿಯಲ್ಲಿ ಮಾತ್ರ ನೋಂದಣಿಯಾದ ಸಣ್ಣ ಕಂಪನಿಗಳಿಗೆ ಇದೇ ದಾರಿ.

ಈಗ ಹಾಳೆ ಕಟ್ಟೋಣ. ಒಂದಲ್ಲ, ಎರಡು ಪುಟ ಮಾಡಿ. ಒಂದಕ್ಕೆ ವಹಿವಾಟು ಎಂದೂ ಇನ್ನೊಂದಕ್ಕೆ ಸಾರಾಂಶ ಎಂದೂ ಹೆಸರಿಡಿ. ಒಂದೇ ಪುಟದಲ್ಲಿ ಎಣಿಕೆಯನ್ನೂ ಸರಾಸರಿ ಬೆಲೆಯನ್ನೂ ಕೈಯಿಂದ ಬರೆದು, ಷೇರು ಕೊಂಡಾಗಲೆಲ್ಲ ಅದನ್ನು ಅಳಿಸಿ ಹೊಸದನ್ನು ಬರೆಯುವವರನ್ನು ನೋಡಿದ್ದೇನೆ. ಲೆಡ್ಜರಿನಲ್ಲಿ ಅಳಿಸುವ ಪದ್ಧತಿಯಿಲ್ಲ. ಮುಂದೊಂದು ದಿನ ಈ ಸರಾಸರಿ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರಿಸಲು ಹಳೆಯ ಸಾಲುಗಳು ಇರಲೇಬೇಕು.

ವಹಿವಾಟು ಪುಟದಲ್ಲಿ ಎ ಕಂಬ ದಿನಾಂಕಕ್ಕೆ, ಬಿ ಪೇಟೆಯ ಹೆಸರು ಸಮೇತ ಸಂಕೇತಕ್ಕೆ, ಸಿ ವಿವರಕ್ಕೆ, ಡಿ ಎಣಿಕೆಗೆ, ಇ ಮೊತ್ತಕ್ಕೆ, ಎಫ್ ಯಾರ ಖಾತೆ ಎಂಬುದಕ್ಕೆ. ಕೊಂಡಾಗ ಎಣಿಕೆಯೂ ಮೊತ್ತವೂ ಧನ. ದಲ್ಲಾಳಿ ಶುಲ್ಕ, ಸ್ಟಾಂಪ್ ಶುಲ್ಕ ಎಲ್ಲ ಸೇರಿಸಿ, ಬ್ರೋಕರ್ ಕಳುಹಿಸುವ ಕಾಂಟ್ರಾಕ್ಟ್ ನೋಟಿನಲ್ಲಿರುವ ಮೊತ್ತವನ್ನೇ ಬರೆಯಿರಿ. ಮಾರಿದಾಗ ಎಣಿಕೆಯನ್ನು ಋಣವಾಗಿ ಬರೆದು, ಮೊತ್ತದ ಕಂಬದಲ್ಲಿ ಆ ಷೇರುಗಳ ಅಸಲನ್ನು ಋಣವಾಗಿ ಹಾಕಿ. ಮಾರಿ ಬಂದ ಹಣಕ್ಕೆ ಜಿ ಕಂಬವನ್ನು ಬೇರೆಯಾಗಿ ಇಡಿ. ಎರಡನ್ನೂ ಒಂದೇ ಕಂಬಕ್ಕೆ ತುರುಕಿದರೆ ಉಳಿದ ಷೇರುಗಳ ಅಸಲು ಎಷ್ಟೆಂಬುದು ಕಲಸಿಹೋಗುತ್ತದೆ.

ಸಾರಾಂಶದಲ್ಲಿ ಕಂಪನಿಗೆ ಒಂದೇ ಸಾಲು. ಎ2 ಚೌಕದಲ್ಲಿ ಪೇಟೆಯ ಹೆಸರು ಸಮೇತ ಸಂಕೇತ, ಬಿ2ರಲ್ಲಿ ಕಂಪನಿಯ ಹೆಸರು. ಸಿ2ರಲ್ಲಿ ಎಣಿಕೆ ತಾನಾಗಿ ಕೂಡಿ ಬರಲು:

=ಸಮ್‌ಇಫ್('ವಹಿವಾಟು'!ಬಿ:ಬಿ, ಎ2, 'ವಹಿವಾಟು'!ಡಿ:ಡಿ)

ಪುಟದ ಹೆಸರನ್ನು ಟೈಪ್ ಮಾಡುವ ಬದಲು ಸೂತ್ರ ಬರೆಯುತ್ತಿರುವಾಗಲೇ ಆ ಪುಟಕ್ಕೆ ಹೋಗಿ ಕಂಬದ ತಲೆಯ ಮೇಲೆ ಒತ್ತಿ. ಹಾಳೆಯೇ ಹೆಸರನ್ನು ಸರಿಯಾಗಿ ತುಂಬಿಕೊಳ್ಳುತ್ತದೆ. ಡಿ2ರಲ್ಲಿ ಹೂಡಿದ ಮೊತ್ತಕ್ಕೂ ಇದೇ ಸೂತ್ರ, ಕೊನೆಯ ಕಂಬ ಮಾತ್ರ ಇ:ಇ. ಇ2ರಲ್ಲಿ =ಗೂಗಲ್‌ಫೈನಾನ್ಸ್(ಎ2, "ಪ್ರೈಸ್"). ಎಫ್2ರಲ್ಲಿ =ಸಿ2*ಇ2, ಇಂದಿನ ಮೌಲ್ಯ. ಜಿ2ರಲ್ಲಿ =ಎಫ್2-ಡಿ2, ಲಾಭ ಅಥವಾ ನಷ್ಟ. ಚೌಕದ ಮೂಲೆಯ ಚುಕ್ಕೆಯನ್ನು ಹಿಡಿದು ಕೆಳಗೆ ಎಳೆದರೆ ಉಳಿದ ಸಾಲುಗಳೂ ತುಂಬುತ್ತವೆ.

ಕರಾವಳಿಯ ಮನೆಗಳ ಲೆಕ್ಕ ಸಿಕ್ಕುಬೀಳುವುದು ಈ ಎಣಿಕೆಯ ಕಂಬದಲ್ಲೇ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಷೇರು ಇಲ್ಲದ ಹಳೆಯ ಟ್ರಂಕು ಕಡಿಮೆ. ಭಾವ ಇರುವಾಗ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಮೂರರದ್ದೂ ಕೊಂಡಿದ್ದರು. ಈಗ ಆ ಸಂಕೇತಗಳನ್ನು ಹೊಡೆದರೆ ಹಾಳೆಯಲ್ಲಿ ದೋಷ ಮಾತ್ರ ಬರುತ್ತದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 1000 ಷೇರಿಗೆ 402 ಷೇರು ಕೊಟ್ಟರು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾ ಬ್ಯಾಂಕಿಗೆ ಸೇರಿತು, 1000ಕ್ಕೆ 158. ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, 1000ಕ್ಕೆ 330. ಮೈಸೂರು ಸೀಮೆಯವರ ಬಳಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಷೇರು ಇದ್ದಿದ್ದರೆ 2017ರಲ್ಲಿ 10ಕ್ಕೆ 22ರಂತೆ ಸ್ಟೇಟ್ ಬ್ಯಾಂಕಿನ ಷೇರು ಬಂದಿರುತ್ತದೆ.

ಇದನ್ನು ಹಾಳೆಯಲ್ಲಿ ಬರೆಯುವ ಕ್ರಮ ಹೀಗೆ. ಸಿಂಡಿಕೇಟಿನ 1000 ಷೇರನ್ನು ತಲಾ 60 ರೂಪಾಯಿಗೆ ಕೊಂಡಿದ್ದರು ಎಂದಿಟ್ಟುಕೊಳ್ಳಿ. ಕೊಂಡ ದಿನಾಂಕದ ಸಾಲು ಹಾಗೆಯೇ ಇರಲಿ: ಎಣಿಕೆ 1000, ಮೊತ್ತ 60,000. 1-4-2020ರ ದಿನಾಂಕದಲ್ಲಿ ಎರಡು ಸಾಲು ಸೇರಿಸಿ: ಸಿಂಡಿಕೇಟಿಗೆ ಎಣಿಕೆ -1000, ಮೊತ್ತ -60,000, ಕೆನರಾಕ್ಕೆ ಎಣಿಕೆ 158, ಮೊತ್ತ 60,000. ಹಣ ಕೈ ಬದಲಾಗಿಲ್ಲ, ಹೆಸರು ಬದಲಾಗಿದೆ ಅಷ್ಟೆ. ಕಥೆ ಇಲ್ಲಿಗೆ ಮುಗಿಯುವುದಿಲ್ಲ. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆಯಿತು. ಗೂಗಲ್ ತರುವ ಬೆಲೆ ಆ ದಿನದಿಂದ ಐದರಲ್ಲೊಂದು ಭಾಗಕ್ಕೆ ಇಳಿದಿದೆ, ನಿಮ್ಮ ಎಣಿಕೆ ಮಾತ್ರ 158ರಲ್ಲೇ ನಿಂತಿದ್ದರೆ ಹಾಳೆ ಭಾರೀ ನಷ್ಟ ತೋರಿಸುತ್ತದೆ. ಇನ್ನೊಂದು ಸಾಲು ಬೇಕು: ಕೆನರಾ, ವಿವರ ಸ್ಪ್ಲಿಟ್, ಎಣಿಕೆ 632, ಮೊತ್ತ ಸೊನ್ನೆ. ಈಗ ಸಾರಾಂಶದಲ್ಲಿ 790 ಷೇರು, ಅಸಲು 60,000, ತಲಾ 75 ರೂಪಾಯಿ 95 ಪೈಸೆ.

ಕಂಪನಿ ಉಚಿತವಾಗಿ ಕೊಡುವ ಬೋನಸ್ ಷೇರಿಗೂ ಇದೇ ಕ್ರಮ, ಎಣಿಕೆ ಹೆಚ್ಚು, ಮೊತ್ತ ಸೊನ್ನೆ. ಇನ್ಫೋಸಿಸ್ 2014, 2015, 2018ರಲ್ಲಿ ಒಂದಕ್ಕೆ ಒಂದರಂತೆ ಕೊಟ್ಟಿದೆ. 2014ಕ್ಕೆ ಮೊದಲು ಕೊಂಡು ಮರೆತವರ ನೂರು ಷೇರು ಈಗ ಎಂಟುನೂರು. 2018ರ ಜನವರಿ 31ರ ನಂತರ ಬಂದ ಬೋನಸ್ ಷೇರಿನ ಅಸಲನ್ನು ಆದಾಯ ತೆರಿಗೆಯವರು ಸೊನ್ನೆ ಎಂದೇ ಹಿಡಿಯುತ್ತಾರೆ, ಅದಕ್ಕೆ ಮೊದಲಿನವಕ್ಕೆ ಲೆಕ್ಕ ಬೇರೆ, ಹಾಳೆಯ ಸರಾಸರಿ ಅವರಿಗೆ ಸಲ್ಲುವುದಿಲ್ಲ. ಹಾಗಾಗಿ ವಿವರದ ಕಂಬದಲ್ಲಿ ಬೋನಸ್ ಎಂಬ ಮಾತು ಇರಲಿ, ಮಾರುವ ವರ್ಷ ಲೆಕ್ಕಪರಿಶೋಧಕರು ಕೇಳುತ್ತಾರೆ.

ಇನ್ನು ಬೆಲೆ ಎಷ್ಟು ತಾಜಾ? ಲೈವ್ ಎಂದು ನಾವು ಅನ್ನುತ್ತೇವೆ, ಗೂಗಲ್ ಹಾಗೆ ಅನ್ನುವುದಿಲ್ಲ. 20 ನಿಮಿಷದವರೆಗೆ ತಡವಾಗಬಹುದು ಎಂದು ಅದೇ ಹೇಳಿಕೊಂಡಿದೆ. "ಪ್ರೈಸ್" ಇರುವಲ್ಲಿ "ಡೇಟಾಡಿಲೇ" ಎಂದು ಬರೆದರೆ ತಡ ಎಷ್ಟೆಂದೂ "ಟ್ರೇಡ್‌ಟೈಮ್" ಎಂದರೆ ಕೊನೆಯ ವಹಿವಾಟು ಯಾವಾಗ ಎಂದೂ ತಿಳಿಯುತ್ತದೆ. ಪೇಟೆ ನಡೆಯುವುದು ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ, ಆ ಮೇಲೆ ಕಾಣುವುದು ಅಂದಿನ ಕೊನೆಯ ಬೆಲೆ. ನಿಮಿಷ ನಿಮಿಷಕ್ಕೆ ಕೊಂಡು ಮಾರುವವರಿಗೆ ಈ ಹಾಳೆ ನಿರುಪಯೋಗಿ. ಸೆಟ್ಟಿಂಗ್ಸ್‌ನಲ್ಲಿ ಪ್ರತಿ ನಿಮಿಷ ಮರುಲೆಕ್ಕ ಮಾಡು ಎಂಬ ಆಯ್ಕೆಯಿದೆ, ಅದನ್ನು ಒತ್ತಿದರೆ ಬೆಲೆ ಬೇಗ ಬರುತ್ತದೆಂಬ ನಂಬಿಕೆಯೂ ಇದೆ. ಬೆಲೆಯ ತಡಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದೇ ಸೆಟ್ಟಿಂಗ್ಸ್‌ನಲ್ಲಿ ದೇಶ ಇಂಡಿಯಾ ಎಂದಿದೆಯೇ ನೋಡಿಕೊಳ್ಳಿ. ಜರ್ಮನಿಯಲ್ಲಿರುವ ನನ್ನ ಸೋದರಳಿಯನ ಹಾಳೆ ಆ ದೇಶದ ಪದ್ಧತಿಯಲ್ಲಿತ್ತು. ಅಲ್ಲಿ ಸೂತ್ರದೊಳಗೆ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಬೇಕು.

ಬೇರೆ ಕೆಲವು ಪದಗಳೂ ಕೆಲಸಕ್ಕೆ ಬರುತ್ತವೆ. "ಹೈ52", "ಲೋ52" ಎಂದರೆ 52 ವಾರಗಳ ಗರಿಷ್ಠ, ಕನಿಷ್ಠ. "ಕ್ಲೋಸ್‌ಯೆಸ್ಟ್" ಎಂದರೆ ನಿನ್ನೆಯ ಮುಕ್ತಾಯದ ಬೆಲೆ. ಕ್ಲೋಸ್ ಪದಕ್ಕೆ ಯೆಸ್ಟರ್‌ಡೇ ಪದದ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಅಂಟಿಸಿ. ಅಮೆರಿಕದ ಕಂಪನಿಯ ಷೇರು ಸಂಬಳದ ಜೊತೆ ಸಿಗುವವರು =ಗೂಗಲ್‌ಫೈನಾನ್ಸ್("ಕರೆನ್ಸಿ:ಯುಎಸ್‌ಡಿಐಎನ್‌ಆರ್") ಎಂದು ಬರೆದು ಡಾಲರಿನ ದರ ತರಿಸಿ ಗುಣಿಸಿಕೊಳ್ಳಬಹುದು.

ಹಿಂದಿನ ಯಾವುದೋ ದಿನದ ಬೆಲೆ ಬೇಕಾದರೆ ಸೂತ್ರ ತುಸು ಉದ್ದ. ಗೂಗಲ್ ಆಗ ಒಂದು ಸಂಖ್ಯೆಯ ಬದಲು ತಲೆಬರಹವಿರುವ ಪುಟ್ಟ ಕೋಷ್ಟಕವನ್ನೇ ಕೊಡುತ್ತದೆ. ಅದರ ಎರಡನೆಯ ಸಾಲಿನ ಎರಡನೆಯ ಕಂಬವನ್ನಷ್ಟೇ ಎತ್ತಿಕೊಳ್ಳಬೇಕು:

=ಇಂಡೆಕ್ಸ್(ಗೂಗಲ್‌ಫೈನಾನ್ಸ್(ಎ2, "ಕ್ಲೋಸ್", ಡೇಟ್(2024,3,28)), 2, 2)

28 ಏಕೆಂದರೆ, ಹಣಕಾಸು ವರ್ಷ ಮುಗಿಯುವ 2024ರ ಮಾರ್ಚ್ 31 ಭಾನುವಾರ, 30 ಶನಿವಾರ, 29 ಗುಡ್‌ಫ್ರೈಡೇ. ಪೇಟೆ ಮುಚ್ಚಿದ ದಿನವನ್ನು ಕೇಳಿದರೆ ದೋಷವೇ ಉತ್ತರ. ಸ್ಪ್ಲಿಟ್, ಬೋನಸ್ ಆಗಿರುವ ಷೇರಿನ ಹಳೆಯ ಬೆಲೆಯನ್ನು ಕಾಂಟ್ರಾಕ್ಟ್ ನೋಟಿನೊಡನೆ ತಾಳೆ ನೋಡದೆ ತೆರಿಗೆ ಲೆಕ್ಕಕ್ಕೆ ಬಳಸಬೇಡಿ.

ದೋಷ ಬಂದಾಗ ಏನು ಮಾಡಬೇಕೆಂಬುದರಲ್ಲಿ ನನಗೆ ಖಚಿತ ಅಭಿಪ್ರಾಯವಿದೆ. ಹಲವರು ಇಫ್‌ಎರರ್ ಸೂತ್ರದಿಂದ ದೋಷವನ್ನು ಸೊನ್ನೆಯಾಗಿಸಿ ಹಾಳೆಯನ್ನು ಚಂದ ಮಾಡುತ್ತಾರೆ. ಆಗ ಒಂದು ಕಂಪನಿಯ ಬೆಲೆ ಬಾರದ ದಿನ ಒಟ್ಟು ಮೊತ್ತ ಇಳಿದಿರುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಅದರ ಬದಲು ಎಚ್ ಕಂಬದಲ್ಲಿ ಕೈಬೆಲೆ ಎಂದು ಒಂದನ್ನು ಇಟ್ಟು, ಇ2ರಲ್ಲಿ =ಇಫ್‌ಎರರ್(ಗೂಗಲ್‌ಫೈನಾನ್ಸ್(ಎ2,"ಪ್ರೈಸ್"), ಎಚ್2) ಎಂದು ಬರೆಯಿರಿ. ಎಚ್ ಕಂಬಕ್ಕೆ ಹಳದಿ ಬಣ್ಣ ಕೊಡಿ, ಅಲ್ಲಿರುವುದು ನೀವೇ ಬರೆದ ಬೆಲೆ ಎಂದು ಕಣ್ಣಿಗೆ ಬೀಳಲಿ. ದೋಷ ದಿನಗಟ್ಟಲೆ ಹೋಗದಿದ್ದರೆ ಕಂಪನಿ ಹೆಸರು ಬದಲಿಸಿದೆಯೇ ನೋಡಿ; ಜೊಮ್ಯಾಟೊ 2025ರಲ್ಲಿ ಎಟರ್ನಲ್ ಆದಾಗ ಅದರ ಸಂಕೇತವೂ ಬದಲಾಯಿತು.

ಮ್ಯೂಚುವಲ್ ಫಂಡಿಗೆ ಲೈವ್ ಬೆಲೆ ಎಂಬುದೇ ಇಲ್ಲ. ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್ಟಿನ ಮೌಲ್ಯ, ದಿನಕ್ಕೊಮ್ಮೆ, ಪೇಟೆ ಮುಚ್ಚಿದ ಮೇಲೆ ಪ್ರಕಟವಾಗುತ್ತದೆ. ಫಂಡ್ ಕಂಪನಿಗಳ ಸಂಘವಾದ ಆಂಫಿ ತನ್ನ ಜಾಲತಾಣದಲ್ಲಿ ಎಲ್ಲ ಫಂಡುಗಳ ಎನ್‌ಎವಿಯನ್ನು ಒಂದೇ ಕಡತದಲ್ಲಿ ಉಚಿತವಾಗಿ ಕೊಡುತ್ತದೆ. ಇಡೀ ಕಡತವನ್ನು ಹಾಳೆಗೆ ಎಳೆಯಲು ಹೋದರೆ ಸಾವಿರಾರು ಸಾಲು ಸುರಿದು ಹಾಳೆ ಉಬ್ಬಸಪಡುತ್ತದೆ. ನಾನು ತಿಂಗಳ ಕೊನೆಗೆ ನಮ್ಮ ಫಂಡುಗಳ ಎನ್‌ಎವಿಯನ್ನು ನೋಡಿ ಕೈಬೆಲೆಯ ಕಂಬದಲ್ಲಿ ಬರೆಯುತ್ತೇನೆ.

ಮೈಕ್ರೋಸಾಫ್ಟ್ 365 ಚಂದಾದಾರರು ಎಕ್ಸೆಲ್‌ನಲ್ಲೇ ಕೆಲಸ ಮುಗಿಸಬಹುದು. ಸಂಕೇತದ ಮುಂದೆ ಎಕ್ಸ್‌ಎನ್‌ಎಸ್‌ಇ ಮತ್ತು ಎರಡು ಚುಕ್ಕೆ ಹಾಕಿ, ಡೇಟಾ ಪಟ್ಟಿಯಲ್ಲಿ ಸ್ಟಾಕ್ಸ್ ಒತ್ತಿ, ಪಕ್ಕದ ಕಂಬಕ್ಕೆ ಪ್ರೈಸ್ ಆರಿಸಿ. ಹಳೆಯ ಎಕ್ಸೆಲ್‌ಗಳಲ್ಲಿ ಈ ಸೌಲಭ್ಯವಿಲ್ಲ.

ಲಾಭಾಂಶ ಬೆಲೆಯೊಳಗೆ ಸೇರಿ ಬರುವುದಿಲ್ಲ, ಬ್ಯಾಂಕಿಗೆ ಜಮೆಯಾದಾಗ ವಹಿವಾಟು ಪುಟದಲ್ಲಿ ಅದಕ್ಕೊಂದು ಸಾಲು ಬರೆದು ಹಣವನ್ನು ಜಿ ಕಂಬಕ್ಕೆ ಹಾಕಿ. ವರ್ಷಕ್ಕೆ ಶೇಕಡಾ ಎಷ್ಟು ಗಳಿಕೆ ಎಂದು ತಿಳಿಯಬೇಕಾದವರಿಗೆ ಎಕ್ಸ್‌ಐಆರ್‌ಆರ್ ಇದೆ: ಒಂದು ಕಂಬದಲ್ಲಿ ದಿನಾಂಕ, ಇನ್ನೊಂದರಲ್ಲಿ ಕೈಯಿಂದ ಹೋದ ಹಣ ಋಣವಾಗಿ, ಬಂದದ್ದು ಧನವಾಗಿ, ಕೊನೆಯ ಸಾಲಿನಲ್ಲಿ =ಟುಡೇ() ಮತ್ತು ಇಂದಿನ ಒಟ್ಟು ಮೌಲ್ಯ. ಬ್ಯಾಂಕ್ ಠೇವಣಿಯ ಬಡ್ಡಿಯೊಡನೆ ಹೋಲಿಸಲು ಸರಿಯಾದ ಸಂಖ್ಯೆ ಇದೇ.

ತಿಂಗಳ ಕೊನೆಗೆ ಒಟ್ಟು ಮೌಲ್ಯವನ್ನು ನಕಲು ಮಾಡಿ, ಮೂರನೆಯ ಪುಟದಲ್ಲಿ ದಿನಾಂಕದ ಪಕ್ಕ ಕಂಟ್ರೋಲ್, ಶಿಫ್ಟ್, ವಿ ಒತ್ತಿ ಅಂಟಿಸಿ; ಸೂತ್ರ ಬಿಟ್ಟು ಸಂಖ್ಯೆ ಮಾತ್ರ ಉಳಿಯುತ್ತದೆ. ಡಿಮ್ಯಾಟ್ ಷೇರುಗಳನ್ನು ಇಟ್ಟುಕೊಳ್ಳುವ ಸಂಸ್ಥೆಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಕಳುಹಿಸುವ ಸಮಗ್ರ ಖಾತಾ ವಿವರ ವಹಿವಾಟು ನಡೆದ ತಿಂಗಳಲ್ಲಿ ಇಮೇಲಿಗೆ ಬರುತ್ತದೆ, ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ. ಅದರಲ್ಲಿರುವ ಎಣಿಕೆಯನ್ನು ಸಾರಾಂಶದ ಸಿ ಕಂಬದೊಡನೆ ಸಾಲು ಸಾಲಾಗಿ ತಾಳೆ ನೋಡಿ. ವ್ಯತ್ಯಾಸ ಕಂಡರೆ ನೀವು ಬರೆಯದ ಬೋನಸ್, ಸ್ಪ್ಲಿಟ್ ಅಥವಾ ವಿಲೀನ ಎಲ್ಲೋ ಇದೆ ಎಂದರ್ಥ.

ಮನೆಯವರೊಡನೆ ಹಾಳೆ ಹಂಚಿಕೊಳ್ಳುವಾಗ ವ್ಯೂವರ್ ಎಂದು ಮಾತ್ರ ಅನುಮತಿ ಕೊಡಿ, ಪ್ಯಾನ್ ಸಂಖ್ಯೆಯನ್ನೂ ಡಿಮ್ಯಾಟ್ ಸಂಖ್ಯೆಯನ್ನೂ ಅದರಲ್ಲಿ ಬರೆಯಬೇಡಿ. ಅಕ್ಕನ ಫೋನಿನಲ್ಲಿ ಸಾರಾಂಶ ಪುಟ ತೆರೆಯುತ್ತದೆ. ಅವಳಿಗೆ ಬೇಕಾದದ್ದು ಎಫ್ ಕಂಬದ ಮೊತ್ತ ಒಂದೇ, ಅದನ್ನು ಮೇಲಿನ ಸಾಲಿಗೆ ತಂದು ದಪ್ಪ ಅಕ್ಷರದಲ್ಲಿ ಇಟ್ಟಿದ್ದೇನೆ.