ದಿಂಬಿನಡಿ ಕೈಯಿಟ್ಟು ಮಲಗಿದರೂ ಒತ್ತದ ನಿದ್ರೆ ಪಟ್ಟಿ

ನಿದ್ರೆ ಅಳೆಯಲು ನಾವೇ ಮಾಡಿ ಕೈಗೆ ಕಟ್ಟಿಕೊಂಡ ಪಟ್ಟಿಯೇ ನಿದ್ರೆ ಕೆಡಿಸಿದರೆ ಅಳೆದೇನು ಬಂತು? ಆದ್ದರಿಂದ ಕೋಡ್ ಆಮೇಲೆ, ಮೊದಲು ಕತ್ತರಿ, ಸೂಜಿ, ದಾರ.

ಬೇಕಾದ್ದು ಇಷ್ಟೇ: ಮ್ಯಾಕ್ಸ್30102 ನಾಡಿ ಸೆನ್ಸರ್ (ಚರ್ಮಕ್ಕೆ ಬೆಳಕು ಬಿಟ್ಟು, ಮರಳಿ ಬಂದ ಬೆಳಕಿನಿಂದ ನಾಡಿ ಅಳೆಯುತ್ತದೆ), ಸೀಡ್ ಶಾವೋ ಎನ್‌ಆರ್‌ಎಫ್52840 ಸೆನ್ಸ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ (ಚಲನೆಯ ಸೆನ್ಸರ್, ಚಾರ್ಜಿಂಗ್ ಸರ್ಕ್ಯೂಟ್ ಎರಡೂ ಅದರಲ್ಲೇ ಇವೆ), ರಕ್ಷಣಾ ಸರ್ಕ್ಯೂಟ್ ಇರುವ 100 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ, 35 ಮಿ.ಮೀ. ಅಗಲದ ನೈಲಾನ್ ಎಲಾಸ್ಟಿಕ್. ಸರಾಸರಿ 6 ಎಂಎ (ಮಿಲಿಆಂಪಿಯರ್) ಕರೆಂಟ್ ಎಳೆದರೂ 8 ಗಂಟೆಗೆ 48 ಎಂಎಎಚ್ ಸಾಕು. ದೊಡ್ಡ ಬ್ಯಾಟರಿ ಬರೀ ಭಾರ. ಹತ್ತಿಪಟ್ಟಿ ಬೆವರು ಹೀರಿ ಬೆಳಗಿನವರೆಗೂ ಒದ್ದೆಯಾಗೇ ಇರುತ್ತದೆ, ಕರಾವಳಿಯ ಸೆಕೆಯಲ್ಲಂತೂ ತುರಿಕೆಗೆ ಅಷ್ಟೇ ಸಾಕು. ನಿಕಲ್ ಬಕಲ್ ಕೆಲವರಿಗೆ ಅಲರ್ಜಿ.

ಪಟ್ಟಿ ಕಟ್ಟುವ ಜಾಗ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಮೊಣಕೈ ಕಡೆಗೆ. ಸೆನ್ಸರ್ ಒಂದನ್ನೇ ಮುಂಗೈಯ ಒಳಬದಿಗೆ ಬಿಟ್ಟು, ಬೋರ್ಡ್ ಮತ್ತು ಬ್ಯಾಟರಿಯನ್ನು ಹೊರಬದಿಗೆ ಹಾಕಿ. ಒಂದರ ಮೇಲೊಂದು ಪೇರಿಸಬೇಡಿ. ಎರಡನ್ನೂ ಕೈಯ ಉದ್ದಕ್ಕೆ, ಪಕ್ಕಪಕ್ಕದಲ್ಲಿ, ನಡುವೆ 5 ಮಿ.ಮೀ. ಬಿಟ್ಟು ಹೊಲಿಯಿರಿ. ಆಗ ಪಟ್ಟಿ ಆ ಸಂದಿಯಲ್ಲಿ ಬಾಗಿ ಕೈಯ ದುಂಡು ಆಕಾರಕ್ಕೆ ಒಗ್ಗುತ್ತದೆ. ತಂತಿಗಳು ಸಿಲಿಕೋನ್ ಹೊದಿಕೆಯವಿರಲಿ, ಹಾವಿನಂತೆ ಅಂಕುಡೊಂಕಾಗಿ ಸಾಗಲಿ. ನೇರ ಎಳೆದರೆ ಎಲಾಸ್ಟಿಕ್ ಹಿಗ್ಗಿದಾಗ ಬೆಸುಗೆ ಬಿಡುತ್ತದೆ. ಬೆಸುಗೆಗಳನ್ನು ಮುಚ್ಚಲು ನ್ಯೂಟ್ರಲ್ ಸಿಲಿಕೋನ್ ಬಳಸಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ತಾಮ್ರವನ್ನು ತಿನ್ನುತ್ತದೆ.

ಸೆನ್ಸರ್ ಪಟ್ಟಿಯಿಂದ 1 ಮಿ.ಮೀ. ಮಾತ್ರ ಉಬ್ಬಿರಲಿ, ಸುತ್ತ ಕಪ್ಪು ಫೋಮ್ ಇರಲಿ. ಪಟ್ಟಿ ಸಡಿಲವಾದರೆ ಹೊರಬೆಳಕು ನುಗ್ಗುತ್ತದೆ. ಬಿಗಿಯಾದರೆ ಚರ್ಮದಡಿಯ ರಕ್ತ ಪಕ್ಕಕ್ಕೆ ಸರಿದು ನಾಡಿಯ ಅಲೆಯೇ ಚಪ್ಪಟೆಯಾಗುತ್ತದೆ. ಬಿಗಿ ಮಾಡಿದಷ್ಟೂ ಸಿಗ್ನಲ್ ಚೆನ್ನ ಎಂಬುದು ತಪ್ಪು ನಂಬಿಕೆ. ಕಿರುಬೆರಳು ಸಲೀಸಾಗಿ ತೂರಬೇಕು. ಬೆಳಗ್ಗೆ ಬಿಚ್ಚಿದ ಮೇಲೂ ಗುರುತು ಬಹಳ ಹೊತ್ತು ಉಳಿದರೆ ಸಡಿಲಿಸಿ.

ಕೆಲವು ಅಗ್ಗದ ಮ್ಯಾಕ್ಸ್30102 ಬೋರ್ಡ್‌ಗಳಲ್ಲಿ ಪುಲ್‌ಅಪ್ ರೆಸಿಸ್ಟರ್‌ಗಳು (ಸಿಗ್ನಲ್ ತಂತಿಯನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವವು) 1.8 ವೋಲ್ಟ್‌ಗೆ ಸೇರಿರುತ್ತವೆ, 3.3 ವೋಲ್ಟ್‌ನ ಶಾವೋ ಬೋರ್ಡ್ ಆ ಸಿಗ್ನಲ್ ಗುರುತಿಸದೇ ಹೋಗಬಹುದು. ಬೋರ್ಡ್ ಸೆನ್ಸರನ್ನು ಕರೆಯುವ 0ಎಕ್ಸ್57 ವಿಳಾಸದಲ್ಲಿ ಅದು ಉತ್ತರಿಸದಿದ್ದರೆ ಆ 4.7 ಕಿಲೋಓಮ್ ರೆಸಿಸ್ಟರ್‌ಗಳನ್ನು ಕಿತ್ತು, ಅಂಥವನ್ನೇ ಹೊರಗಿನಿಂದ 3.3 ವೋಲ್ಟ್‌ಗೆ ಜೋಡಿಸಿ.

ರಾತ್ರಿಯ ನಾಡಿಗೆ ಇನ್ಫ್ರಾರೆಡ್ ಎಲ್‌ಇಡಿ ಒಂದೇ ಸಾಕು. ಕಣ್ಣಿಗೆ ಕಾಣದು, ಪಕ್ಕದಲ್ಲಿ ಮಲಗಿದವರಿಗೂ ತೊಂದರೆಯಿಲ್ಲ. ಎಲ್‌ಇಡಿಯ ಕರೆಂಟ್ 6 ಎಂಎಯಿಂದ ಶುರುಮಾಡಿ. ಸೆನ್ಸರಿನ ಅಂಕಿ ಅದರ ಗರಿಷ್ಠವಾದ 262143ಕ್ಕೆ ಅಂಟಿಕೊಂಡರೆ ಕರೆಂಟ್ ಇಳಿಸಿ, ಅಲೆ ಸಣ್ಣದಾದರೆ ಏರಿಸಿ. ಸೆಕೆಂಡಿಗೆ 25 ಮಾದರಿ (ಅಳತೆ) ತೆಗೆದರೆ ಸೆನ್ಸರಿನೊಳಗಿನ 32 ಮಾದರಿಗಳ ನೆನಪಿನ ಗೂಡು 1.28 ಸೆಕೆಂಡಿನಲ್ಲಿ ತುಂಬುತ್ತದೆ, ಅಷ್ಟರೊಳಗೆ ಓದಿ ಖಾಲಿ ಮಾಡಿ. ಚಾರ್ಜ್ 50 ಎಂಎಗೆ ಇಡಿ, ಕೈಯಲ್ಲಿದ್ದಾಗ ಚಾರ್ಜ್ ಹಾಕಬೇಡಿ.

ಚಲನೆ, ನಾಡಿ ನೋಡಿಯೇ ಅಂದಾಜಿಸುವುದರಿಂದ, ಅಲ್ಲಾಡದೆ ಎಚ್ಚರವಾಗಿ ಮಲಗಿದ್ದನ್ನೂ ಈ ಪಟ್ಟಿ ನಿದ್ರೆಯೆಂದೇ ಎಣಿಸಬಹುದು. ಗೊರಕೆಯ ನಡುವೆ ಉಸಿರು ಕಟ್ಟುವ ಅನುಮಾನವಿದ್ದರೆ ಪಟ್ಟಿಯ ಗ್ರಾಫ್ ನಂಬಿ ಕೂರದೆ ವೈದ್ಯರಿಗೆ ತೋರಿಸಿ. ಅದಕ್ಕೆ ಪಾಲಿಸೋಮ್ನೋಗ್ರಫಿಯಂಥ ನಿದ್ರೆ ಪರೀಕ್ಷೆಯೇ ಬೇಕು.