ಈಸ್ಟ್‌ನ ಪೊರೆಯಲ್ಲಿ ಗಿಡದ ಬಾಗಿಲು

ಗಿಡದ ಪ್ರೋಟೀನು ಈಸ್ಟ್‌ನಲ್ಲೂ ಕೆಲಸ ಮಾಡುತ್ತದೆ ಅಂತ ಧಾರವಾಡದ ನನ್ನ ಎಂಎಸ್ಸಿ ಹುಡುಗರಿಗೆ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಹೇಳಿದ್ದೇ ಆಯಿತು. ಈ ಸಲ ಮಾಡಿಯೇ ನೋಡೋಣ ಅಂದುಕೊಂಡೆವು.

ಪ್ರಯೋಗ 1992ರಷ್ಟು ಹಳೆಯದು. ಈಸ್ಟ್‌ನ ಪೊರೆಯಲ್ಲಿ ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳಲು ಟಿಆರ್‌ಕೆ1, ಟಿಆರ್‌ಕೆ2 ಅಂತ ಎರಡು ಪ್ರೋಟೀನು ಇವೆ. ಎರಡೂ ಇಲ್ಲದ ತಳಿಗೆ ಪೊಟ್ಯಾಸಿಯಂ ಧಾರಾಳವಾಗಿ ಬೇಕು; ನಾವು 100 ಮಿಲಿಮೋಲಾರ್ ಹಾಕಿ ಸಾಕಿದ್ದೆವು. ಅದಕ್ಕೆ ಅರಬಿಡಾಪ್ಸಿಸ್ ಗಿಡದ ಕೆಎಟಿ1 ಜೀನ್ (ಪೊಟ್ಯಾಸಿಯಂ ದಾಟಿಸುವ ಚಾನೆಲ್, ಅಂದರೆ ಪೊರೆಯ ಬಾಗಿಲಿನಂಥ ಪ್ರೋಟೀನಿನದು) ಕೊಟ್ಟರೆ ಪೊಟ್ಯಾಸಿಯಂ ಕಡಿಮೆ ಇದ್ದರೂ ಬೆಳೆಯಬೇಕು. ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್, ಖಾಲಿಯಾಗಿ ಹಾಕಿದ್ದು ಬೆಳೆಯಬಾರದು.

ಮೂರನೇ ದಿನ ಹುಡುಗಿಯೊಬ್ಬಳು ಪ್ಲೇಟ್ ಹಿಡಿದು ಓಡಿ ಬಂದಳು. "ಸರ್, ಎಲ್ಲಾ ಬೆಳದಾವ್ರೀ!" ಅವಳಿಗೆ ಖುಷಿ, ನನಗೆ ಧಸಕ್ಕೆಂದಿತು. ಖಾಲಿಯದೂ ಬೆಳೆದರೆ ಪ್ರಯೋಗ ಕೆಟ್ಟಂತೆ, ಅಲ್ವಾ?

ತಪ್ಪು ನನ್ನದೇ. ಈಸ್ಟ್ ಬೆಳೆಸುವ ಅರ್ಜಿನಿನ್ ಮೀಡಿಯಾಕ್ಕೆ ಫಾಸ್ಫಾರಿಕ್ ಆಸಿಡ್ ಜಾಸ್ತಿ ಬಿದ್ದಿತ್ತು. ಪಿಎಚ್ ಸರಿ ಮಾಡಲು ಕೈಗೆ ಸಿಕ್ಕ ಬಾಟಲಿ ಎತ್ತಿ ಸುರಿದಿದ್ದೆ. ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡ್! ಎರಡನೇ ಸಲ ಆ ಬಾಟಲಿ ಮುಟ್ಟಲಿಲ್ಲ. ಆದರೂ ಖಾಲಿಯದರ ಜಾಗದಲ್ಲಿ ಮಂಜು ಮುಸುಕಿದ ಹಾಗೆ ತೆಳುವಾಗಿ ಏನೋ ಬೆಳೆದಿತ್ತು. ಮೀಡಿಯಾ ಗಟ್ಟಿಯಾಗಲು ಹಾಕುವ ಅಗರ್‌ನಲ್ಲೂ ಪೊಟ್ಯಾಸಿಯಂ ಇರುತ್ತದೆ. ಮೂರನೇ ಸಲ ಅಕ್ಕಿ ತೊಳೆದ ಹಾಗೆ ಅಗರನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ನಾಲ್ಕೈದು ಸಲ ತೊಳೆದೆವು. ಆಗ ಕೆಎಟಿ1 ಸಾಲಿನಲ್ಲಿ ಕೆನೆ ಬಣ್ಣದ ದುಂಡು ಚುಕ್ಕೆಗಳು, ಪಕ್ಕದ ಸಾಲು ಬರಿದು.

ಇಷ್ಟಕ್ಕೇ "ಗಿಡ, ಪ್ರಾಣಿ ಎಲ್ಲಾ ಒಂದೇ" ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಪೊಟ್ಯಾಸಿಯಂ ಆರಿಸುವ ಇಕ್ಕಟ್ಟಿನ ಜಾಗದಲ್ಲಿ ಗ್ಲೈಸಿನ್-ಟೈರೋಸಿನ್-ಗ್ಲೈಸಿನ್ ಅನ್ನುವ ಮೂರು ಅಮೈನೋ ಆಸಿಡ್‌ಗಳ ಜೋಡಣೆ ಗಿಡದಲ್ಲೂ ಇದೆ, ಹಣ್ಣಿನ ನೊಣದ ಶೇಕರ್ ಚಾನೆಲ್‌ನಲ್ಲೂ ಇದೆ. ಅಮೆರಿಕದ ವಿಜ್ಞಾನಿ ಮ್ಯಾಕಿನನ್ ಅವರ ತಂಡ 1998ರಲ್ಲಿ ರಚನೆ ತೋರಿಸಿದ ಬ್ಯಾಕ್ಟೀರಿಯಾ ಚಾನೆಲ್‌ನಲ್ಲೂ ಅದೇ. ಆದರೆ ಶೇಕರ್ ತೆರೆಯುವುದು ಪೊರೆಯ ಒಳಬದಿಯ ಋಣ ವೋಲ್ಟೇಜ್ ಕಡಿಮೆಯಾಗಿ ಸೊನ್ನೆಯತ್ತ ಬಂದಾಗ. ಕೆಎಟಿ1 ತೆರೆಯುವುದು ಅದು ಇನ್ನೂ ಹೆಚ್ಚು ಋಣವಾದಾಗ. ಬಾಗಿಲ ಚೌಕಟ್ಟು ಒಂದೇ, ಚಿಲಕ ಮಾತ್ರ ಉಲ್ಟಾ. ಬರೀ ಅಮೈನೋ ಆಸಿಡ್‌ಗಳ ಅಕ್ಷರ ಹೊಂದಿಸಿ ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಜೋಳದ ಚಾನೆಲ್‌ನ ಅಕ್ಷರಗಳನ್ನೂ ಹುಡುಗರು ಕಂಪ್ಯೂಟರಿನಲ್ಲಿ ಹೊಂದಿಸಿದ್ದರು. ಆ ಮೂರೂ ಅಲ್ಲಿಯೂ ಇದ್ದವು. "ನಮ್ಮ ಜೋಳದ್ದೂ ಹಾಕಿ ನೋಡೂಣೇನ್ರೀ ಸರ್?" ಅಂದಳು ಅದೇ ಹುಡುಗಿ. ಈಗ ಲ್ಯಾಬಿನ ಕಿಟಕಿ ಹತ್ತಿರ ಟ್ರೇಯಲ್ಲಿ ಮಾಲದಂಡಿ ಜೋಳ ಮೊಳಕೆ ಒಡೆದಿದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಾಟಲಿಯನ್ನು ಅವಳೇ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.